ಸ್ವಿಚ್ ಗೇಮಿಂಗ್ ಸಾಧನಕ್ಕೆ ಸುರಕ್ಷಿತ ಅಡಾಪ್ಟರ್ ಯಾವುದು? ಬಲ್ಲವರು ತಿಳಿಸಿ

ಡೊಂಬಿವಲಿಯಿಂದ ಪ್ರಶ್ನೆ:

ನನ್ನ ತಮ್ಮ ಅಮೆರಿಕದಿಂದ ತಂದುಕೊಟ್ಟ ನಿಂಟೆಂಡೊ ಸ್ವಿಚ್‌ನ ಮೂಲ ಅಡಾಪ್ಟರಿನ ವೈರು ಪಿನ್ನಿನ ಬುಡದಲ್ಲಿ ಹರಿದು ಒಳಗಿನ ತಂತಿ ಕಾಣುತ್ತಿದೆ; ಸದ್ಯಕ್ಕೆ ಟೇಪು ಸುತ್ತಿ ಬಳಸುತ್ತಿದ್ದೇವೆ. ಮುಂಬೈನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರಸ್ತೆಯಲ್ಲಿ ವಿಚಾರಿಸಿದಾಗ, ಹೆಸರೇ ಇಲ್ಲದ ಅಡಾಪ್ಟರಿನಿಂದ ಹಿಡಿದು 65 ವ್ಯಾಟ್‌ನ ಲ್ಯಾಪ್‌ಟಾಪ್ ಚಾರ್ಜರಿನವರೆಗೆ ಎಲ್ಲವೂ ನಡೆಯುತ್ತದೆ ಎಂದರು. ಮಗ ಸಾಧನವನ್ನು ಚಾರ್ಜಿಗೆ ಹಾಕಿಕೊಂಡೇ ಆಡುವುದರಿಂದ ನನಗೆ ಬೆಲೆಗಿಂತ ಸುರಕ್ಷತೆ ಮುಖ್ಯ. ಅಮೆರಿಕದ್ದೇ ಆದ ಹಳೆಯ ನಿಂಟೆಂಡೊ 3ಡಿಎಸ್ ಎಂಬ ಕೈಯಲ್ಲಿ ಹಿಡಿದು ಆಡುವ ಸಾಧನ ಕೂಡ ಮನೆಯಲ್ಲಿದೆ. ಯಾವುದನ್ನು ಕೊಳ್ಳಲಿ?

ಪುಣೆಯಿಂದ ಉತ್ತರ:

ಮೇಡಂ, ನಾನು ಬುಧವಾರ ಪೇಟೆಯಲ್ಲಿ ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುವವನು. ಹರಿದ ವೈರಿಗೆ ಟೇಪು ಸುತ್ತಿ ಬಳಸುವುದನ್ನು ದಯವಿಟ್ಟು ಇಂದೇ ನಿಲ್ಲಿಸಿ.

ಸ್ವಿಚ್‌ನ ಮೂಲ ಅಡಾಪ್ಟರ್ 5 ವೋಲ್ಟ್‌ನಲ್ಲಿ 1.5 ಆಂಪಿಯರ್, 15 ವೋಲ್ಟ್‌ನಲ್ಲಿ 2.6 ಆಂಪಿಯರ್, ಅಂದರೆ 39 ವ್ಯಾಟ್‌ನಷ್ಟು ಕೊಡಬಲ್ಲದು. ಆದ್ದರಿಂದ ಯುಎಸ್‌ಬಿ ಪವರ್ ಡೆಲಿವರಿ (ಪಿಡಿ) ಎಂದು ಬರೆದಿರುವ, ಔಟ್‌ಪುಟ್ ಸಾಲಿನಲ್ಲಿ 15 ವೋಲ್ಟ್, 3 ಆಂಪಿಯರ್ ಇರುವ 45 ವ್ಯಾಟ್‌ನ ಅಡಾಪ್ಟರ್ ನಿಮಗೆ ಸರಿಹೊಂದುತ್ತದೆ. ಅನೇಕ ಮೊಬೈಲ್ ಚಾರ್ಜರುಗಳಲ್ಲಿ 5, 9, 12 ವೋಲ್ಟ್ ಮಾತ್ರ ಇರುತ್ತವೆ. ಅವುಗಳಿಂದ ಬ್ಯಾಟರಿ ನಿಧಾನವಾಗಿ ತುಂಬುತ್ತದೆಯೇ ಹೊರತು, ಟಿವಿಗೆ ಜೋಡಿಸುವ ಪೀಠವಾದ ಡಾಕ್‌ನಲ್ಲಿಟ್ಟಾಗ ಟಿವಿಯಲ್ಲಿ ಚಿತ್ರ ಬರುವುದಿಲ್ಲ.

65 ವ್ಯಾಟ್ ಎಂದರೆ ಸಾಧನ ಸುಟ್ಟುಹೋಗುತ್ತದೆ ಎಂದು ಹೆದರುವ ಕಾರಣವಿಲ್ಲ. ಸರಿಯಾಗಿ ಮಾಡಿದ ಪಿಡಿ ಅಡಾಪ್ಟರ್ ಮೊದಲು 5 ವೋಲ್ಟ್ ಮಾತ್ರ ಕೊಟ್ಟು, ಸಾಧನವು ಕೇಳಿದ ಮೇಲಷ್ಟೇ ವೋಲ್ಟೇಜ್ ಏರಿಸುತ್ತದೆ, ಮತ್ತು ಎಷ್ಟು ಆಂಪಿಯರ್ ಎಳೆದುಕೊಳ್ಳಬೇಕು ಎಂಬುದನ್ನು ಸಾಧನವೇ ನಿರ್ಧರಿಸುತ್ತದೆ. ಕೇಬಲ್‌ನ ಎರಡೂ ತುದಿ ಟೈಪ್-ಸಿ ಆಗಿರಲಿ. 3 ಆಂಪಿಯರ್‌ನ ಸಾಮಾನ್ಯ ಕೇಬಲ್ ಸಾಕು.

ನನ್ನ ನಿಜವಾದ ಆತಂಕವಿರುವುದು ಹೆಸರಿಲ್ಲದ ಅಡಾಪ್ಟರುಗಳ ಬಗ್ಗೆ. ರಿಪೇರಿಗೆ ಬಂದ ಅಂಥವನ್ನು ಬಿಚ್ಚಿ ನೋಡಿದಾಗಲೆಲ್ಲ ಒಂದೇ ದೋಷ ಕಣ್ಣಿಗೆ ಬೀಳುತ್ತದೆ: 230 ವೋಲ್ಟ್ ಬರುವ ಭಾಗಕ್ಕೂ ಮಗುವಿನ ಕೈಗೆ ತಲುಪುವ ಭಾಗಕ್ಕೂ ನಡುವೆ ಐದಾರು ಮಿಲಿಮೀಟರ್ ಖಾಲಿ ಜಾಗ ಇರಬೇಕಾದ ಕಡೆ, ಬೆಸುಗೆಯ ಎರಡು ಬೊಟ್ಟುಗಳು ಬಹುತೇಕ ತಾಗಿಕೊಂಡಿರುತ್ತವೆ; ಟ್ರಾನ್ಸ್‌ಫಾರ್ಮರಿನ ಎರಡು ಸುತ್ತುಗಳ ಮಧ್ಯೆ ಒಂದೇ ಪದರದ ತೆಳು ಟೇಪು ಇರುತ್ತದೆ. ಅದು ಕೈಕೊಟ್ಟರೆ ಮನೆಯ ಕರೆಂಟು ನೇರವಾಗಿ ಸಾಧನಕ್ಕೆ ಬರುತ್ತದೆ. ಅಮೆರಿಕದ ಪರೀಕ್ಷಾ ಸಂಸ್ಥೆ ಯುಎಲ್ 2016ರಲ್ಲಿ ಆಪಲ್ ಹೆಸರಿನ 400 ನಕಲಿ ಅಡಾಪ್ಟರುಗಳನ್ನು ಪರೀಕ್ಷಿಸಿದಾಗ 397 ವಿಫಲವಾದವು. ಚಾರ್ಜ್ ಆಗುತ್ತಿದೆ ಎಂಬ ಒಂದೇ ಕಾರಣಕ್ಕೆ ಅಡಾಪ್ಟರ್ ಸುರಕ್ಷಿತವೆಂದು ತಿಳಿಯಬೇಡಿ.

ಗೋವೆಯ ವಾಸ್ಕೊದಿಂದ ಉತ್ತರ:

ಅಕ್ಕಾ, ನಿಮ್ಮ 3ಡಿಎಸ್ ಬಗ್ಗೆ ಹೇಳುತ್ತೇನೆ, ಏಕೆಂದರೆ ಅಪಾಯ ಹೆಚ್ಚಿರುವುದು ಅಲ್ಲಿಯೇ. ಸ್ವಿಚ್‌ನ ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೆ ತಡೆದುಕೊಳ್ಳುತ್ತದೆ; ಆದರೆ ಅಮೆರಿಕದಲ್ಲಿ ಮಾರಿದ 3ಡಿಎಸ್ ಅಡಾಪ್ಟರ್ 120 ವೋಲ್ಟ್‌ಗೆ ಮಾತ್ರ. ಪಿನ್ ಬದಲಿಸುವ ಕನ್ವರ್ಟರ್ ಹಾಕಿದರೆ ಅದು ನಮ್ಮ ಸಾಕೆಟ್‌ನಲ್ಲಿ ಕೂರುತ್ತದೆ, ಆದರೆ ಕನ್ವರ್ಟರ್ ವೋಲ್ಟೇಜನ್ನು ಇಳಿಸುವುದಿಲ್ಲವಾದ್ದರಿಂದ ಸುಟ್ಟುಹೋಗುತ್ತದೆ. 3ಡಿಎಸ್‌ಗೆ ಬೇಕಾದದ್ದು 4.6 ವೋಲ್ಟ್, 900 ಮಿಲಿಆಂಪಿಯರ್. ಈ ಅಡಾಪ್ಟರಿನ ಯುರೋಪಿನ ಆವೃತ್ತಿ 230 ವೋಲ್ಟ್‌ಗೆಂದೇ ಮಾಡಿದ್ದು. ಸಿಕ್ಕರೆ ಅದನ್ನೇ ಕೊಳ್ಳಿರಿ.

ಚಪ್ಪಟೆ ಪಿನ್ನಿನ ಅಡಾಪ್ಟರನ್ನು ಕನ್ವರ್ಟರಿನ ಮೂಲಕ ದಿನವೂ ಬಳಸುವುದನ್ನೂ ನಾನು ಒಪ್ಪುವುದಿಲ್ಲ. ಸಡಿಲವಾಗಿ ಜೋತಾಡುವ ಪಿನ್ನಿನಲ್ಲಿ ಕಿಡಿ ಹಾರಿ ಸಾಕೆಟ್‌ನ ಬಾಯಿ ಕಪ್ಪಾಗುತ್ತದೆ. ನಮ್ಮ ಕಡಲತೀರದಲ್ಲಂತೂ ಮಳೆಗಾಲದಲ್ಲಿ ಪಿನ್ನಿಗೆ ಹಸಿರು ಕಿಲುಬು ಹಿಡಿದು, ಕನ್ವರ್ಟರ್ ಮುಟ್ಟಲಾಗದಷ್ಟು ಬಿಸಿಯಾಗುವುದನ್ನು ಕಂಡಿದ್ದೇನೆ. ಹೊಸತನ್ನು ಕೊಳ್ಳುವಾಗ ಭಾರತದ ದುಂಡು ಪಿನ್ನಿನದನ್ನೇ ಕೇಳಿ. ಆಡುವಾಗ ಅಡಾಪ್ಟರ್ ದಿಂಬಿನ ಕೆಳಗೆ ಸೇರದಂತೆ ನೋಡಿಕೊಳ್ಳಿ.

ಮಾಟುಂಗದಿಂದ ಉತ್ತರ:

ಹಿಂದಿನ ಇಬ್ಬರೂ ಹೇಳಿದ್ದು ಸರಿ. ಕೊಳ್ಳುವ ರೀತಿಯನ್ನಷ್ಟೇ ಸೇರಿಸುತ್ತೇನೆ. ಭಾರತದಲ್ಲಿ ಮಾರುವ ಪವರ್ ಅಡಾಪ್ಟರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಕಡ್ಡಾಯ. ಅಡಾಪ್ಟರಿನ ಮೈಮೇಲೆ ಐಎಸ್ ಎಂದು ಆರಂಭವಾಗುವ ಮಾನಕ ಸಂಖ್ಯೆಯೂ (ಉದಾಹರಣೆಗೆ ಐಎಸ್ 13252) ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ತಯಾರಕರ ವಿವರ ಬರುತ್ತದೆ. ಪೆಟ್ಟಿಗೆಯ ಮೇಲಿನ ಹೆಸರಿಗೂ ಅದಕ್ಕೂ ತಾಳೆಯಾಗದಿದ್ದರೆ ಹಣ ಕೊಡುವ ಮುನ್ನವೇ ಹಿಂತಿರುಗಿಸಿ. ಅಂಗಡಿಯವರು ಜಿಎಸ್‌ಟಿ ಬಿಲ್ ಕೊಡಲು ಹಿಂಜರಿದರೆ ಮುಂದಿನ ಅಂಗಡಿಗೆ ನಡೆಯಿರಿ. ಲ್ಯಾಮಿಂಗ್ಟನ್ ರಸ್ತೆಯ ಹೆಚ್ಚಿನ ಅಂಗಡಿಗಳು ಭಾನುವಾರ ಮುಚ್ಚಿರುತ್ತವೆ, ಶನಿವಾರವೇ ಹೋಗಿ. ಸಾಧನವನ್ನೂ ಜೊತೆಗೆ ಒಯ್ದರೆ ಅಲ್ಲಿಯೇ ಚಾರ್ಜ್ ಮಾಡಿ ನೋಡಬಹುದು.