ಸಹಾಯ ಬೇಕು: ಹಳೇ ಬಾಗಿಲ ಪೇಂಟ್ ಉಜ್ಜಬಹುದಾ?

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ನಮ್ಮಜ್ಜ 1974ರಲ್ಲಿ ಕಟ್ಟಿಸಿದ ಮನೆ. ಕೂಲಿ ಉಳಿಯುತ್ತೆ ಅಂತ ಬಾಗಿಲು, ಕಿಟಕಿಗೆ ನಾನೇ ಪೇಂಟ್ ಹೊಡೆಯಲು ಹೊರಟೆ. ಉಪ್ಪು ಕಾಗದದಲ್ಲಿ ಉಜ್ಜಿದರೆ ಹಸಿರಿನ ಕೆಳಗೆ ನೀಲಿ, ಅದರಡಿ ಕಿತ್ತಳೆ ಬಣ್ಣದ ಕೋಟ್. ನೆಲದ ತುಂಬ ಪುಡಿ. ಆಗ ಸೀಸದ ಭಯ ಶುರುವಾಯ್ತು, ಹಳೇ ಪೇಂಟ್‌ನಲ್ಲಿ ಈ ವಿಷಕಾರಿ ಲೋಹ (ಲೆಡ್) ಇರಬಹುದಲ್ಲ. ಮನೆಗೆ ಹೊಡೆಯೋ ಪೇಂಟ್‌ನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದು ಅನ್ನೋ ನಿಯಮ ಜಾರಿಗೆ ಬಂದಿದ್ದೇ 2017ರಲ್ಲಿ, ಅಲ್ವಾ? ಮನೇಲಿ ಒಂದೂವರೆ ವರ್ಷದ ಮಗಳಿದ್ದಾಳೆ, ಸಿಕ್ಕಿದ್ದೆಲ್ಲ ಬಾಯಿಗೇ. ಒದ್ದೆ ಬಟ್ಟೆಯಲ್ಲಿ ಒರೆಸಿ ಕೆಲಸ ನಿಲ್ಲಿಸಿದ್ದೇನೆ. ಪರಿಚಯದ ಪೇಂಟರ್ "ನಲವತ್ತು ವರ್ಷ ಉಜ್ಜಿದೀನಿ, ಏನಾಗಿದೆ?" ಅಂತ ನಕ್ಕರು, ಕೆಮ್ಮುತ್ತಲೇ.

ಪೇಂಟ್ ಚೂರು ಟೆಸ್ಟ್ ಮಾಡೋ ಲ್ಯಾಬ್ ಎಲ್ಲಾದರೂ ಇದೆಯಾ? ನೀರು ಹಾಕಿ ಉಜ್ಜಿದರೆ ಸಾಕಾ, ಇಲ್ಲ ಸುಮ್ನೆ ಮೇಲೆ ಹೊಸ ಕೋಟ್ ಹೊಡೆಯಲಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.