ಅಪ್ಪನೊಟ್ಟಿಗೆ ಮಂಜೇಶ್ವರದಿಂದ ನೀಲೇಶ್ವರಕ್ಕೆ: ಸಮುದ್ರ ಕಾಣುವ ದಾರಿ ಯಾವುದು?

ಪೆರ್ಲದ ಮಾಣಿ:
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 76, ಕನ್ನಡ ಮಾಸ್ಟ್ರಾಗಿ ರಿಟೈರ್ ಆದವರು, ಮಂಡಿನೋವು ಉಂಟು, ಶುಗರ್ ಉಂಟು, ಸ್ವರ ಮಾತ್ರ ಇನ್ನೂ ಕ್ಲಾಸಿನ ಕೊನೆ ಬೆಂಚಿಗೆ ಕೇಳುವಷ್ಟು ಗಟ್ಟಿ. ಮೊನ್ನೆ ಊಟಕ್ಕೆ ಕೂತಲ್ಲಿ "ಬೇಕಲಕ್ಕೆ ಹನ್ನೆರಡು ಸಲ ಹೋಗಿದ್ದೇನೆ, ಎಲ್ಲ ಶಾಲೆ ಟೂರು, ಮಕ್ಕಳ ತಲೆ ಲೆಕ್ಕ ಮಾಡಿದ್ದೇ ಆಯ್ತು, ಕೋಟೆ ನೋಡಿದ್ದಿಲ್ಲ" ಅಂದ್ರು. ಅದು ಮನಸ್ಸಲ್ಲೇ ಉಳಿದುಬಿಟ್ಟಿತು. ಡಿಸೆಂಬರಲ್ಲಿ ಎರಡು ದಿನ ರಜೆ ಹಾಕಿ ನಮ್ಮ ಹಳೇ ಆಲ್ಟೊದಲ್ಲಿ ಮಂಜೇಶ್ವರದಿಂದ ನೀಲೇಶ್ವರದವರೆಗೆ ನಿಧಾನಕ್ಕೆ ಹೋಗುವಾ ಅಂತ ಉಂಟು. ಅವಸರ ಇಲ್ಲ, ಇಷ್ಟು ಜಾಗ ನೋಡ್ಲೇಬೇಕು ಅಂತಲೂ ಇಲ್ಲ. ಸಮುದ್ರ ಕಾಣ್ಬೇಕು, ಮೆಟ್ಟಿಲು ಕಮ್ಮಿ ಇರ್ಬೇಕು, ಗಂಟೆಗೊಂದು ಸಲ ಮೂತ್ರಕ್ಕೆ ನಿಲ್ಲಿಸ್ಲಿಕ್ಕೆ ಆಗ್ಬೇಕು (ಇದು ಮುಖ್ಯ, ನಗಾಡ್ಬೇಡಿ). ನಾವು ಸಸ್ಯಾಹಾರಿಗಳು. ಗೊತ್ತಿದ್ದವರು ಹೇಳಿ.

ಕುಂಬಳೆ ಕಡಲು:
ಮೊದಲನೇ ಮಾತು, ಹೈವೇಯಲ್ಲಿ ಸಮುದ್ರ ಕಾಣ್ತದೆ ಅಂತ ಅಪ್ಪನಿಗೆ ಆಸೆ ಹುಟ್ಟಿಸ್ಬೇಡಿ. ತಲಪಾಡಿಯಿಂದ ಚೆಂಗಳದವರೆಗೆ ಆರು ಲೇನು ಆಗಿ ಕಾರು ಓಡುವುದೇನೋ ಸುಖವೇ, ಆದ್ರೆ ಕಾಣುವುದು ಎಂತ, ಸೇತುವೆ ಬಂದಾಗ ಹೊಳೆ, ಮತ್ತೆಲ್ಲ ಕಾಂಕ್ರೀಟು ಗೋಡೆ. ಒಂದು ಬೊಂಡ ಕುಡಿಯುವಾ ಅಂತ ಕಂಡ್ರೂ ಸರ್ವೀಸ್ ರೋಡಿಗೆ ಇಳೀಬೇಕು, ಇಳಿಯುವ ಜಾಗ ತಪ್ಪಿತಾ, ಮುಂದಿನ ಅಂಡರ್‌ಪಾಸ್‌ವರೆಗೆ ಹೋಗಿ ತಿರುಗಿ ಬರ್ಬೇಕು, ಅಷ್ಟರಲ್ಲಿ ಬಾಯಾರಿಕೆಯೇ ಮರೆತಿರ್ತದೆ.

ಮೊದಲ ದಿನ ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ ನೋಡಿ, ಈಗ ಗಿಳಿವಿಂಡು ಅಂತ ಸ್ಮಾರಕ ಮಾಡಿದ್ದಾರೆ. ಕನ್ನಡ ಮಾಸ್ಟ್ರಿಗೆ ಅಲ್ಲಿ ಅರ್ಧ ಗಂಟೆ ಸಾಲದು. 1949ರಲ್ಲಿ ಮದ್ರಾಸ್ ಸರ್ಕಾರ ರಾಷ್ಟ್ರಕವಿ ಅಂತ ಬಿರುದು ಕೊಟ್ಟಾಗ ನಮ್ಮ ಊರು ಮದ್ರಾಸಿಗೇ ಸೇರಿತ್ತಲ್ಲ, ಅದನ್ನೆಲ್ಲ ಅಪ್ಪನೇ ನಿಮಗೆ ಹೇಳ್ತಾರೆ. ಬಾಗಿಲು ತೆಗೆದಿರ್ತದಾ ಅಂತ ಮೊದಲೇ ಕೇಳಿಕೊಳ್ಳಿ. ಸಮುದ್ರಕ್ಕೆ ಅಲ್ಲೇ ಹತ್ತಿರ ಕಣ್ವತೀರ್ಥ. ಆಮೇಲೆ ಕುಂಬಳೆಯಿಂದ ಒಳಗೆ ಅನಂತಪುರ, ಮುರಕಲ್ಲಿನ ಪದವಿನ ಮಧ್ಯ ತಗ್ಗಲ್ಲಿ ಕೆರೆ, ಕೆರೆ ಮಧ್ಯ ಗುಡಿ. ಬಬಿಯಾ ಮೊಸಳೆ 2022ರ ಅಕ್ಟೋಬರಲ್ಲಿ ಸತ್ತಿತು, ಮರುವರ್ಷ ಇನ್ನೊಂದು ಕಂಡಿತು, ಅದು ಮುಖ ತೋರಿಸಿದ್ರೆ ನಿಮ್ಮ ಪುಣ್ಯ. ಕೆಳಗೆ ಇಳೀಲಿಕ್ಕೆ ಮೆಟ್ಟಿಲು ಉಂಟು, ಮಂಡಿ ಬಿಡದಿದ್ರೆ ಮೇಲಿಂದಲೇ ಕೈ ಮುಗಿದ್ರೂ ಆಗ್ತದೆ.

ಚಂದ್ರಗಿರಿ ಆಚೆ:
ನಿಮಗೆ ಬೇಕಾದ ದಾರಿ ಕಾಸರಗೋಡಿಂದ ಮುಂದೆ ಸಿಗುವುದು ಮಾರಾಯ್ರೆ. ಅಲ್ಲಿ ಹೈವೇ ಬಿಡಿ. ಹೈವೇ ಚೆರ್ಕಳ, ಚಟ್ಟಂಚಾಲ್, ಪೆರಿಯ ಅಂತ ಒಳಗೊಳಗೆ ಹೋಗ್ತದೆ. ನೀವು ಪೇಟೆಯಿಂದ ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಉದುಮ, ಬೇಕಲ, ಪಳ್ಳಿಕ್ಕೆರೆ, ಹೀಗೆ ಕಾಞಂಗಾಡ್‌ವರೆಗೆ ಹಿಡೀರಿ. ಬೇಕಲಕ್ಕೆ 16 ಕಿಲೋಮೀಟರು ಅಷ್ಟೇ. ಅದಕ್ಕೆ ಮೊದಲು ತ್ರಿಕ್ಕನ್ನಾಡ್ ಸಿಗ್ತದೆ, ರಸ್ತೆ ಬದಿಯಲ್ಲೇ ಈಶ್ವರ ದೇವಸ್ಥಾನ, ಎದುರಲ್ಲೇ ಸಮುದ್ರ. ಕಾರಿಂದ ಇಳಿಯದೆ ಸಮುದ್ರ ನೋಡ್ಬೇಕಾದ್ರೆ ಇದಕ್ಕಿಂತ ಒಳ್ಳೆ ಜಾಗ ನಂಗೆ ಗೊತ್ತಿಲ್ಲ.

ಬೇಕಲಕ್ಕೆ ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಹೋಗಿ. ನಲ್ವತ್ತು ಎಕರೆ ಕೋಟೆ, ಒಳಗೆ ನೆರಳೇ ಕಮ್ಮಿ, ಹತ್ತು ಗಂಟೆ ಆದ್ಮೇಲೆ ಮುರಕಲ್ಲು ಕಾಯ್ತದಲ್ಲ, ಕಾಲಡಿಯಿಂದ ಬಿಸಿ ಹೊಡೀತದೆ. ನನ್ನ ಅಮ್ಮನನ್ನು ಮಧ್ಯಾಹ್ನ ಕರ್ಕೊಂಡು ಹೋಗಿ ಬೈಸಿಕೊಂಡವ ನಾನು, "ಶಿವಪ್ಪ ನಾಯಕ ಕೋಟೆ ಕಟ್ಟಿದ, ಒಂದು ಮಾವಿನ ಗಿಡ ನೆಡ್ಲಿಕ್ಕೆ ಅವನಿಗೆ ಎಂತ ಆಗಿತ್ತು" ಅಂತ. ಸೂರ್ಯಾಸ್ತಕ್ಕೆ ಕೋಟೆ ಆಗುವುದಿಲ್ಲ, ಮೊದಲೇ ಹೊರಗೆ ಕಳಿಸ್ತಾರೆ. ಅದಕ್ಕೆ ಪಕ್ಕದ ಪಳ್ಳಿಕ್ಕೆರೆ ಬೀಚಿಗೆ ಹೋಗಿ, ಸಮತಟ್ಟು ಜಾಗ.

ಕಿಟಕಿ ಸೀಟು:
ನಾನು ಬೇರೆ ಮಾತು ಹೇಳ್ತೇನೆ, ಬೈಬೇಡಿ. 76 ವರ್ಷದವರನ್ನ ಎರಡು ದಿನ ಆಲ್ಟೊದಲ್ಲಿ ಮಂಡಿ ಮಡಚಿ ಕೂರಿಸುವುದು ಯಾಕೆ? ಒಂದು ಹೊತ್ತಾದ್ರೂ ಪ್ಯಾಸೆಂಜರ್ ರೈಲಲ್ಲಿ ಕರ್ಕೊಂಡು ಹೋಗಿ. ತೆಂಕು ಬದಿಗೆ ಹೋಗುವಾಗ ಬಲಗಡೆ ಕಿಟಕಿ. ಕಾಸರಗೋಡು ಬಿಟ್ಟ ಕೂಡ್ಲೇ ಚಂದ್ರಗಿರಿ ಹೊಳೆ, ಕಳನಾಡು ಸುರಂಗ, ಆಮೇಲೆ ತೆಂಗಿನ ಮರಗಳ ಸಂದಿಯಲ್ಲಿ ಸಮುದ್ರ ಬಂದು ಬಂದು ಹೋಗ್ತದೆ. ಡ್ರೈವ್ ಮಾಡುವ ಮಗ ಅಪ್ಪನ ಮುಖ ನೋಡುವುದು ಯಾವಾಗ? ಮತ್ತೆ ರೈಲಲ್ಲಿ ಟಾಯ್ಲೆಟ್ ಉಂಟು, ನಿಮ್ಮ ಮುಖ್ಯ ಸಮಸ್ಯೆಯೂ ಪರಿಹಾರ.

ಚಂದ್ರಗಿರಿ ಆಚೆ:
ಚಲಿಸುವ ರೈಲಿನ ಟಾಯ್ಲೆಟ್‌ಗೆ ಮಂಡಿನೋವಿನವರು ಹೋಗುವುದು ಹೇಗೆ ಅಂತ ನೀವು ನೋಡಿಲ್ಲ ಕಾಣ್ತದೆ.

ಕಿಟಕಿ ಸೀಟು:
ಅದು ಸರಿ. ಒಪ್ಪಿದೆ.

ಪೆರ್ಲದ ಮಾಣಿ:
ಹೋಗಿ ಬಂದೆವು! ಬರೀತೇನೆ ಅಂತ ಹೇಳಿ ಬರೀದೆ ಮೂರು ವಾರ ಆಯ್ತು, ಕ್ಷಮಿಸಿ.

ಗಿಳಿವಿಂಡಿನಲ್ಲಿ ಒಂದೂವರೆ ಗಂಟೆ. ಅನಂತಪುರದಲ್ಲಿ ಮೊಸಳೆ ಕಾಣ್ಲಿಲ್ಲ, ಅಪ್ಪ ಮೆಟ್ಟಿಲು ಮಾತ್ರ ಇಳಿದೇ ಇಳಿದ್ರು, ಹತ್ತುವಾಗ ನಾಲ್ಕು ಸಲ ನಿಂತ್ರು, ನಿಂತಾಗೆಲ್ಲ ಗೋಡೆ ನೋಡುವ ಹಾಗೆ ನಾಟಕ. ರಾತ್ರಿ ಕಾಸರಗೋಡಲ್ಲಿ ರೂಮು, ಊಟಕ್ಕೆ ಕುಚ್ಚಿಲಕ್ಕಿ ಗಂಜಿ ಸಿಕ್ಕಿತು, ಅಪ್ಪ ಖುಷ್. ಮರುದಿನ ಬೆಳಿಗ್ಗೆ ಚಂದ್ರಗಿರಿ ಸೇತುವೆ ಮೇಲೆ ಕಾರು ಹತ್ತಿದ್ದೇ ತಡ, 1967ರ ಮಹಾಜನ ವರದಿ ಈ ಹೊಳೆಯ ಬಡಗು ಬದಿಯೆಲ್ಲ ಕರ್ನಾಟಕಕ್ಕೆ ಸೇರ್ಬೇಕು ಅಂತ ಹೇಳಿದ್ದು ಗೊತ್ತುಂಟಾ ನಿಂಗೆ ಅಂತ ಶುರು ಮಾಡಿದವರು ತ್ರಿಕ್ಕನ್ನಾಡ್ ಬರುವವರೆಗೆ ನಿಲ್ಲಿಸ್ಲಿಲ್ಲ. ಅಲ್ಲಿ ಸಮುದ್ರ ಕಂಡು ಬಾಯಿ ಮುಚ್ಚಿದ್ರು. ಕಾರಿನ ಬಾಗಿಲು ತೆಗೆದು, ಕಾಲು ಹೊರಗೆ ಇಟ್ಟು, ಮುಂಡು ಮಂಡಿ ಮೇಲೆ ಎಳ್ಕೊಂಡು ಮುಕ್ಕಾಲು ಗಂಟೆ ಕೂತ್ರು. ನಾನು ಫ್ಲಾಸ್ಕಿಂದ ಸಕ್ಕರೆ ಇಲ್ಲದ ಚಾಯ ಕೊಟ್ಟೆ, ತಣ್ಣಗಾದ ಮೇಲೆ ಕುಡಿದ್ರು.

ಹಾಗೆ ಬೇಕಲಕ್ಕೆ ತಲುಪುವಾಗ ಹತ್ತೂವರೆ. ನಮ್ಮೆದುರೇ ಒಂದು ಶಾಲೆ ಬಸ್ಸು ಬಂದು ನಿಂತಿತು, ಮಕ್ಕಳು ಇಳಿದ್ರು. ಅಪ್ಪ ಟಿಕೆಟ್ ಕೌಂಟರಿನ ಹತ್ರ ನಿಂತು ತುಟಿ ಅಲ್ಲಾಡಿಸ್ತಾ ಇದ್ದದ್ದು ಕಂಡು ಮಂತ್ರ ಅಂತ ಗ್ರಹಿಸಿದೆ. ಸ್ವಲ್ಪ ಹೊತ್ತಾದ್ಮೇಲೆ ಆ ಬಸ್ಸಿನ ಟೀಚರಿನ ಹತ್ರ ಹೋಗಿ ಮಲಯಾಳದಲ್ಲಿ, ಇಳೀವಾಗ ನಲ್ವತ್ತಮೂರು ಇತ್ತು, ಈಗ ಲೈನಲ್ಲಿ ನಲ್ವತ್ತೆರಡೇ ಉಂಟು ಅಂದ್ರು. ಆ ಹುಡುಗಿ ಗಾಬರಿ. ಒಬ್ಬ ಪೋಕ್ರಿ ಐಸ್ ಕ್ಯಾಂಡಿ ಗಾಡಿ ಹಿಂದೆ ಸಿಕ್ಕಿದ.

ಆಮೇಲೆ ಒಳಗೆ ಹೋದೆವು, ಬಿಸಿಲಿಗೆ ಐವತ್ತು ಹೆಜ್ಜೆಯಲ್ಲಿ ಸಾಕು ಅಂದ್ರು. ನೀಲೇಶ್ವರಕ್ಕೆ ಹೋಗ್ಲೇ ಇಲ್ಲ, ಪಳ್ಳಿಕ್ಕೆರೆಯಲ್ಲಿ ಸಂಜೆವರೆಗೆ ಕೂತು ವಾಪಸ್. ಇನ್ನು ಕೋಟೆಗೆ ಬೆಳಿಗ್ಗೆ ಎಂಟಕ್ಕೇ ಹೋಗ್ಬೇಕು ಅಂತ ಅಪ್ಪನದ್ದೇ ಆರ್ಡರು, ಫೆಬ್ರವರಿಯಲ್ಲಿ. ಹಿಂದಿನ ರಾತ್ರಿ ಬೇಕಲದಲ್ಲೇ ಉಳೀಲಿಕ್ಕೆ ಕಮ್ಮಿ ರೇಟಿನ ರೂಮು, ಕೆಳಗಿನ ಮಾಳಿಗೆಯಲ್ಲಿ, ಯಾರಿಗಾದ್ರೂ ಗೊತ್ತುಂಟಾ?