ನೀರಿನ ಮೇಲೆ ಓಡುವ ಜೇಡ: ಔಷಧಿ ಹೊಡೆಯಬೇಕಾ?

ಪ್ರಶ್ನೆ: ಮೇಡಂ, ಈಗಷ್ಟೇ ನಾಟಿ ಮುಗಿದಿದೆ. ಗದ್ದೆಗೆ ಕಾಲಿಟ್ಟರೆ ಸಾಕು, ಕಂದು ಜೇಡಗಳು ನೀರಿನ ಮೇಲೇ ದಿಕ್ಕಾಪಾಲಾಗಿ ಓಡುತ್ತವೆ. ಒಂದರ ಹಿಂಭಾಗಕ್ಕೆ ಬಿಳಿ ಉಂಡೆ ಅಂಟಿಕೊಂಡಿತ್ತು. ಬಲೆ ಎಲ್ಲೂ ಇಲ್ಲ. ಪೈರಿಗೆ ತೊಂದರೆ ಇದೆಯಾ? ಔಷಧಿ ಹೊಡೆಯಲಾ?

ಉತ್ತರ (ಕೀಟಶಾಸ್ತ್ರಜ್ಞೆ): ಬೇಡವೇ ಬೇಡ. ಅದು ತೋಳ ಜೇಡ. ಏಷ್ಯಾದ ಭತ್ತದ ಗದ್ದೆಗಳಲ್ಲಿ ಹೆಚ್ಚಾಗಿ ಸಿಗುವ ಜಾತಿ ಪಾರ್ಡೋಸಾ ಸ್ಯೂಡೋಆನ್ಯುಲೇಟಾ. ಪೈರಿನ ತಂಟೆಗೆ ಹೋಗುವುದಿಲ್ಲ, ಪೈರು ತಿನ್ನುವವರನ್ನು ತಿನ್ನುತ್ತದೆ. ಬಲೆ ಹೆಣೆದು ಕಾಯುವ ಜಾಯಮಾನ ಅದರದ್ದಲ್ಲ. ಬುಡದಲ್ಲಿ ಓಡಾಡುತ್ತಾ ಕಂಡದ್ದರ ಮೇಲೆ ಎರಗುತ್ತದೆ. ಜಿಗಿಹುಳು, ಕಾಂಡಕೊರಕದ ಪತಂಗ, ಎಲ್ಲವೂ ಆಗುತ್ತದೆ. ದಿನಕ್ಕೆ 5ರಿಂದ 15 ಬೇಟೆ. ಮರಿಗಳೂ ಜಿಗಿಹುಳುವಿನ ಮರಿಗಳನ್ನು ಬಿಡುವುದಿಲ್ಲ.

ಗುರುತಿಸಬೇಕೆಂದರೆ ಬೆನ್ನು ನೋಡಿ: ತಲೆಯ ಹಿಂದೆ ಕವೆಗೋಲಿನಂಥ ಗುರುತು, ಹೊಟ್ಟೆಯ ಮೇಲೆ ಬಿಳಿ ಮಚ್ಚೆಗಳು. ಭೂತಗನ್ನಡಿ ಇದ್ದರೆ ಮುಖ ನೋಡಿ. ಕೆಳಸಾಲಿನಲ್ಲಿ ನಾಲ್ಕು ಪುಟ್ಟ ಕಣ್ಣು, ಅದರ ಮೇಲೆ ನೇರ ನಿಮ್ಮನ್ನೇ ದುರುಗುಟ್ಟುವ ಎರಡು ದೊಡ್ಡವು, ನೆತ್ತಿಯ ಕಡೆ ಇನ್ನೆರಡು. ರಾತ್ರಿ ಟಾರ್ಚನ್ನು ನಿಮ್ಮ ಕಣ್ಣಿನ ಪಕ್ಕದಲ್ಲೇ ಹಿಡಿದು ಬದುವಿನತ್ತ ಬಿಡಿ, ಆ ಕಣ್ಣುಗಳು ಹೊಳೆಯುತ್ತವೆ. ಸೊಂಟದ ಹತ್ತಿರ ಹಿಡಿದರೆ ಹೊಳಪು ಕಾಣಿಸದು. ಬೆಳಕು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ.

ಪ್ರಶ್ನೆ: ಆ ಉಂಡೆ?

ಉತ್ತರ: ಮೊಟ್ಟೆಚೀಲ. ನೂಲು ಹೊರಡುವ ಜಾಗಕ್ಕೇ ಅಂಟಿಸಿಕೊಂಡು ತಾಯಿ ಹೋದಲ್ಲೆಲ್ಲ ಎಳೆದೊಯ್ಯುತ್ತಾಳೆ. ಹೊತ್ತು ಬಂದಾಗ ಅದರ ಅಂಚನ್ನು ತಾನೇ ಬಾಯಿಂದ ಬಿಡಿಸುತ್ತಾಳೆ. 60ರಿಂದ 80 ಮರಿ ಹೊರಬಂದು ಅವಳ ಬೆನ್ನೇರುತ್ತವೆ, ಒಂದರ ಮೇಲೊಂದು. ಆಗ ದೂರದಿಂದ ಜೇಡದ ಮೈಗೆ ಬೂಸ್ಟು ಬಂದಂತೆ ಕಾಣುತ್ತದೆ. ಕೆಲವು ದಿನ ಸವಾರಿ, ಆಮೇಲೆ ಅವರವರ ದಾರಿ. ತಾಯಿಯ ಆಯಸ್ಸು ಮೂರು-ನಾಲ್ಕು ತಿಂಗಳು, ಅಷ್ಟರಲ್ಲಿ 200ರಿಂದ 400 ಮೊಟ್ಟೆ.

ಇನ್ನೊಬ್ಬರು: ನಾನು ಕಂಡದ್ದು ಚೀಲವನ್ನು ಬಾಯಲ್ಲಿ ಕಚ್ಚಿ ಎದೆಯಡಿ ಹಿಡಿದಿತ್ತು ಮೇಡಂ.

ಉತ್ತರ: ಹಾಗಾದರೆ ಅದು ತೋಳ ಜೇಡವಲ್ಲ, ನರ್ಸರಿ ಜೇಡದ ಕುಟುಂಬದ್ದು. ಒಳ್ಳೆಯ ಗಮನ! ಇವೆರಡನ್ನು ಬೇರೆ ಮಾಡಲು ಇದಕ್ಕಿಂತ ಸುಲಭದ ಗುರುತಿಲ್ಲ.

ಪ್ರಶ್ನೆ: ಕಚ್ಚಿದರೆ?

ಉತ್ತರ: ನೀವು ಬಂದರೆ ಓಡುತ್ತದೆ, ನೋಡಿದ್ದೀರಲ್ಲ. ಕೈಯಲ್ಲಿ ಒತ್ತಿ ಹಿಡಿದರೆ ಕಚ್ಚಬಹುದು, ಸ್ವಲ್ಪ ಹೊತ್ತು ಉರಿಯಬಹುದು. ಹೆದರುವಂಥದ್ದಲ್ಲ.

ಪ್ರಶ್ನೆ: ಬೇರೆ ಕಡೆಯಿಂದ ಹಿಡಿದು ತಂದು ಬಿಡಬಹುದಾ?

ಉತ್ತರ: ಆ ಕಷ್ಟ ಬೇಡ. ಗದ್ದೆ ಹದವಾದ ಕೂಡಲೇ ತಾವಾಗಿಯೇ ಬರುತ್ತವೆ, ಎಷ್ಟೋ ಸಲ ಹುಳುಗಳು ಹೆಚ್ಚುವ ಮುಂಚೆಯೇ. ಬದುವಿನ ಹುಲ್ಲನ್ನು ಒಂದೇ ಸಲ ಬೋಳು ಮಾಡಬೇಡಿ, ಅವುಗಳಿಗೆ ಅಡಗಲು ಜಾಗ ಬೇಕು. ಎಳೆ ಪೈರಿಗೆ ಸುಮ್ಮನೆ ಮುನ್ನೆಚ್ಚರಿಕೆ ಅಂತ ಎಲ್ಲ ಹುಳುವನ್ನೂ ಕೊಲ್ಲುವ ಔಷಧಿ ಹೊಡೆದರೆ ಜೇಡ ಸಾಯುತ್ತದೆ. ಕಂದು ಜಿಗಿಹುಳುವಿನ ಮೊಟ್ಟೆ ಗರಿಯ ಬುಡದೊಳಗೆ ಉಳಿದು ಮುಂದೆ ದುಪ್ಪಟ್ಟಾಗುತ್ತದೆ. ವಾರಕ್ಕೊಮ್ಮೆ ನಾಲ್ಕಾರು ಬುಡ ತಟ್ಟಿ, ನೀರಿಗೆ ಬಿದ್ದ ಜಿಗಿಹುಳು ಎಷ್ಟು, ಜೇಡ ಎಷ್ಟು ಎಣಿಸಿ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.